ಅವಮಾನವಾದ ದಿನವೇ ಬರೆದಿಡಿ: ಮುಸ್ಲಿಂ ದ್ವೇಷದ ಘಟನೆ ನಡೆದಾಗ ಮೈಸೂರು, ಮಂಡ್ಯದವರು ಏನು ಮಾಡಬಹುದು

ನಮ್ಮ ಬೀದಿಗೆ ದಿನಾ ಸಂಜೆ ತರಕಾರಿ ಗಾಡಿ ತರುವ ಹುಡುಗನೊಬ್ಬ ಇದ್ದಾನೆ. ಒಂದು ದಿನ ಪಕ್ಕದ ಕ್ರಾಸ್‌ನಲ್ಲಿ ಬೈಕಿನಲ್ಲಿ ಬಂದ ಇಬ್ಬರು ಅವನನ್ನು ನಿಲ್ಲಿಸಿ ಹೆಸರು ಕೇಳಿದರು. ಹೇಳಿದ. ಟೊಮೆಟೊ ಬುಟ್ಟಿಯನ್ನು ರಸ್ತೆಗೆ ಚೆಲ್ಲಿ, ಕೆನ್ನೆಗೆ ಹೊಡೆದು, ‘ಈ ಏರಿಯಾಗೆ ಇನ್ನೊಂದು ಸಲ ಬಂದ್ರೆ ನೋಡು’ ಅಂದು ಹೋದರು. ಅವನು ನನ್ನ ಹತ್ತಿರ ಬಂದದ್ದು ಒಂಬತ್ತು ದಿನ ಆದ ಮೇಲೆ. ಅಷ್ಟರಲ್ಲಿ ಎದುರಿನ ಮೆಡಿಕಲ್ ಸ್ಟೋರಿನ ಕ್ಯಾಮೆರಾದಲ್ಲಿ ಆವತ್ತಿನ ದೃಶ್ಯ ಅಳಿಸಿಹೋಗಿತ್ತು. ನೋಡಿದ ಇಬ್ಬರಲ್ಲಿ ಒಬ್ಬರಿಗೆ ಯಾವ ದಿನ ಅನ್ನುವುದೇ ಮರೆತಿತ್ತು. ಬೈಕಿನ ನಂಬರನ್ನು ಯಾರೂ ಬರೆದುಕೊಂಡಿರಲಿಲ್ಲ.

ನಾನು ವಕೀಲ ಅಲ್ಲ. ಮುಸ್ಲಿಮನೂ ಅಲ್ಲ. ಬೀದಿಯವರಿಗೆ ಪಿಂಚಣಿ ಅರ್ಜಿ, ಖಾತೆ ಅರ್ಜಿ, ಪೊಲೀಸ್ ದೂರು ಬರೆದುಕೊಡುತ್ತಾ ಬಂದವನು. ಆ ಒಂಬತ್ತು ದಿನ ಕಳೆದುಹೋದದ್ದು ನನ್ನನ್ನು ಇನ್ನೂ ಕಾಡುತ್ತದೆ. ಧರ್ಮದ ಕಾರಣಕ್ಕೆ ಬೈಸಿಕೊಂಡವರು, ಏಟು ತಿಂದವರು, ಮನೆ ಸಿಗದವರು ಮತ್ತು ಅದನ್ನು ಕಣ್ಣಾರೆ ಕಂಡ ಅಕ್ಕಪಕ್ಕದವರು, ಇಬ್ಬರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹತ್ತು ನಿಮಿಷ

ನಿಮ್ಮ ಮೇಲೆಯೇ ನಡೆಯುತ್ತಿದ್ದರೆ ವಾದಕ್ಕೆ ನಿಲ್ಲಬೇಡಿ. ಜನ ಇರುವ ಕಡೆಗೆ, ಬೆಳಕಿರುವ ಅಂಗಡಿಯ ಒಳಕ್ಕೆ ಹೋಗಿ. 112ಕ್ಕೆ ಫೋನ್ ಮಾಡಿ. ಆ ಕರೆಯ ಸಮಯ ದಾಖಲಾಗುತ್ತದೆ. ಘಟನೆ ನಡೆದದ್ದು ಯಾವಾಗ ಅನ್ನುವುದಕ್ಕೆ ಅದೇ ಮೊದಲ ಸಾಕ್ಷಿ.

ನೀವು ನೋಡುತ್ತಾ ನಿಂತವರಾದರೆ, ಹೊಡೆಯುವವನ ಜೊತೆ ಮಾತಿಗೆ ಇಳಿಯುವುದಕ್ಕಿಂತ ಏಟು ತಿನ್ನುತ್ತಿರುವವರ ಪಕ್ಕ ಹೋಗಿ ನಿಲ್ಲಿ. ‘ಬಾಪ್ಪ, ನಮ್ಮ ಮನೆಗೆ ಹೋಗೋಣ’, ‘ಅಮ್ಮ, ಬನ್ನಿ, ನಾನು ಆಟೋ ಹಿಡಿತೀನಿ’ ಅನ್ನಿ, ಸಾಕು. ನಾಲ್ಕು ಜನ ಸುತ್ತ ಬಂದು ನಿಂತರೆ ಎಷ್ಟೋ ಸಲ ಕೈ ಎತ್ತಿದವನು ಅಲ್ಲೇ ಇಳಿಸುತ್ತಾನೆ. ಇನ್ನೊಬ್ಬರು ದೂರದಿಂದ ವಿಡಿಯೋ ಮಾಡಲಿ. ಬೈಕಿನ ನಂಬರ್ ಮತ್ತು ಹಿಂದಿನ ಅಂಗಡಿ ಬೋರ್ಡ್ ಕಾಣುವಂತೆ ಇರಲಿ. ಆ ವಿಡಿಯೋವನ್ನು ಏಟು ತಿಂದವರನ್ನು ಕೇಳದೆ ಎಲ್ಲಿಯೂ ಹಾಕಬೇಡಿ. ಅವಮಾನ ಆದದ್ದು ಅವರಿಗೆ. ಅದನ್ನು ಊರೆಲ್ಲ ನೋಡಬೇಕೋ ಬೇಡವೋ ಅವರೇ ಹೇಳಬೇಕು.

ಗಾಯ ಆಗಿದ್ದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಗೆ, ಮಂಡ್ಯದಲ್ಲಿ ಮಿಮ್ಸ್‌ಗೆ, ತಾಲೂಕಿನಲ್ಲಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ಹೊಡೆದರು’ ಅಂತಲೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸೇರುವ ಗಾಯ ಅಂತ ಆಸ್ಪತ್ರೆ ಬರೆಯುವ ದಾಖಲೆ) ಮಾಡಿಸಿ. ಎಷ್ಟೋ ಜನ ಮುಜುಗರಕ್ಕೆ ‘ಬಿದ್ದೆ’ ಅಂದುಬಿಡುತ್ತಾರೆ. ಮುಂದೆ ವೂಂಡ್ ಸರ್ಟಿಫಿಕೇಟ್‌ನಲ್ಲಿ, ಅಂದರೆ ಗಾಯದ ಬಗ್ಗೆ ಡಾಕ್ಟರ್ ಕೊಡುವ ಪತ್ರದಲ್ಲಿ, ಅದೇ ಬರುತ್ತದೆ. ಆಮೇಲೆ ತಿದ್ದಿಸುವುದು ಬಹಳ ಕಷ್ಟ.

ಅವತ್ತು ರಾತ್ರಿ ಮಲಗುವ ಮುಂಚೆ

ಒಂದು ಹಾಳೆ ತೆಗೆದುಕೊಂಡು ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಬರೆಯಲು ಬಾರದವರಾದರೆ ಮಗನ ಕೈಲೋ ಪಕ್ಕದ ಮನೆಯವರ ಕೈಲೋ ಬರೆಸಿ, ಇಲ್ಲವೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಡಿ. ತಾರೀಖು, ಎಷ್ಟು ಗಂಟೆ, ಯಾವ ಕ್ರಾಸ್, ಎಷ್ಟು ಜನ, ಏನು ಬಟ್ಟೆ, ಯಾವ ಗಾಡಿ, ಯಾರು ನೋಡಿದರು. ನೋಡಿದವರ ಫೋನ್ ನಂಬರ್ ಆಗಲೇ ತೆಗೆದುಕೊಳ್ಳಿ.

ಸುತ್ತಮುತ್ತ ಕ್ಯಾಮೆರಾ ಇರುವ ಅಂಗಡಿಗೆ ಅದೇ ಸಂಜೆ ಹೋಗಿ. ಜಾಗ ತುಂಬಿದ ಮೇಲೆ ಡಿವಿಆರ್ (ಕ್ಯಾಮೆರಾದ ದೃಶ್ಯ ಉಳಿಸುವ ಪೆಟ್ಟಿಗೆ) ಹಳೆಯದರ ಮೇಲೇ ರೆಕಾರ್ಡ್ ಮಾಡುತ್ತದೆ. ಕೆಲವು ಕಡೆ ವಾರಕ್ಕೇ ಹೋಗುತ್ತದೆ. ‘ಅಣ್ಣ, ಐದೂವರೆಯಿಂದ ಆರು ಗಂಟೆವರೆಗಿನದು ಪೆನ್‌ಡ್ರೈವ್‌ಗೆ ಹಾಕಿಕೊಡಿ’ ಅಂತ ಕೇಳಿ. ಕೊಡಲು ಹಿಂಜರಿದರೆ ಜಗಳ ಬೇಡ. ಆ ಅಂಗಡಿಯ ಕ್ಯಾಮೆರಾದಲ್ಲಿ ದೃಶ್ಯ ಇದೆ, ಅಳಿಯದಂತೆ ವಶಕ್ಕೆ ತೆಗೆದುಕೊಳ್ಳಿ ಅಂತ ದೂರಿನಲ್ಲೇ ಒಂದು ಸಾಲು ಸೇರಿಸಿ.

ಫೋನಿನಲ್ಲಿ ಬಂದ ಬೈಗುಳವಾದರೆ ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ನಂಬರ್, ಗುಂಪಿನ ಹೆಸರು, ತಾರೀಖು ಮೂರೂ ಕಾಣಬೇಕು. ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಪೋಸ್ಟ್ ಆದರೆ ಅದರ ಲಿಂಕ್ ಕಾಪಿ ಮಾಡಿಡಿ. ಚಿತ್ರ ಮಾತ್ರ ಇದ್ದರೆ ಪೋಸ್ಟ್ ಅಳಿಸಿದ ಮೇಲೆ ಹುಡುಕುವುದು ಕಷ್ಟ. ಮೂಲ ಮೆಸೇಜ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿಗೆ ಇಂಥ ಸಾಕ್ಷಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಆದರೆ ಫೋನ್ ನಿಮ್ಮ ಹತ್ತಿರ ಇರಬೇಕು ಅಷ್ಟೇ.

ದೂರಿನ ಕಾಗದ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಜನ ಎಡವುವುದನ್ನು ನಾನು ಹೆಚ್ಚು ನೋಡಿರುವುದು ಇಲ್ಲೇ.

ಹೆಚ್ಚಿನವರು ಬರೆಯುವುದು ಹೀಗೆ: ‘ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ ಹಲ್ಲೆ ಮಾಡಿರುತ್ತಾರೆ.’ ಈ ಸಾಲನ್ನು ಓದಿದವರಿಗೆ ಇದು ಪಾರ್ಕಿಂಗ್ ಜಗಳವೋ, ಕುಡಿದವರ ಗಲಾಟೆಯೋ, ಧರ್ಮದ ದ್ವೇಷವೋ ಗೊತ್ತೇ ಆಗುವುದಿಲ್ಲ. ಅವರು ಏನು ಅಂದರೋ ಅದೇ ಮಾತನ್ನು ಉದ್ಧರಣ ಚಿಹ್ನೆಯ ಒಳಗೆ ಬರೆಯಿರಿ. ‘ಪಾಕಿಸ್ತಾನಕ್ಕೆ ಹೋಗು’ ಅಂದರೆ ಹಾಗೇ. ತಾಯಿಯನ್ನು ಎತ್ತಿ ಬೈದಿದ್ದರೆ ಅದೂ ಹಾಗೇ. ಬರೆಯಲು ನಾಚಿಕೆ ಆಗುತ್ತದೆ, ನನಗೂ ಆಗಿದೆ. ಆದರೆ ಆ ನಾಚಿಕೆ ಅಂದವರದು, ನಿಮ್ಮದಲ್ಲ.

ಇದು ಯಾಕೆ ಮುಖ್ಯ ಅಂದರೆ, ಬರಿ ಒಂದು ಏಟು, ಒಂದು ಬೈಗುಳ ಅಂತ ಇದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 115(2) ಮತ್ತು 352ನೇ ಕಲಂ. ಇವು ಸಂಜ್ಞೇಯ ಅಲ್ಲದ, ಅಂದರೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ತನಿಖೆ ಮಾಡಲಾಗದ ಅಪರಾಧಗಳು. ಪೊಲೀಸರು ಎನ್‌ಸಿಆರ್ (ಸಂಜ್ಞೇಯ ಅಲ್ಲದ ದೂರಿನ ದಾಖಲೆ) ಬರೆದುಕೊಳ್ಳುತ್ತಾರೆ. ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಬಹಳಷ್ಟು ಸಲ ಅಲ್ಲಿಗೇ ನಿಲ್ಲುತ್ತದೆ. ದಾರಿಗೆ ಅಡ್ಡ ಹಾಕಿ ತಡೆದಿದ್ದರೆ 126(2), ಅದು ಸಂಜ್ಞೇಯ. ಧರ್ಮದ ಹೆಸರಿನಲ್ಲಿ ಗುಂಪುಗಳ ನಡುವೆ ದ್ವೇಷ ಬಿತ್ತಿದ್ದರೆ 196, ಮೂರು ವರ್ಷದವರೆಗೆ ಶಿಕ್ಷೆ. ಪ್ರಾರ್ಥನಾ ಸ್ಥಳದಲ್ಲಿ ಹಾಗೆ ಮಾಡಿದರೆ ಐದು ವರ್ಷದವರೆಗೆ. ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸಿದರೆ 299. ಮಸೀದಿ, ದರ್ಗಾದಂಥ ಪವಿತ್ರ ಜಾಗಕ್ಕೆ ಅವಮಾನ ಮಾಡುವ ಉದ್ದೇಶದಿಂದ ಹಾನಿ ಮಾಡಿದರೆ 298. ಐದು ಅಥವಾ ಹೆಚ್ಚು ಜನ ಸೇರಿ ಸಮುದಾಯದ ಕಾರಣಕ್ಕೆ ತೀವ್ರ ಗಾಯ ಮಾಡಿದರೆ 117(4), ಕೊಂದರೆ 103(2). 2024ರ ಜುಲೈ 1ರಿಂದ ಐಪಿಸಿ ಬದಲು ಇವೇ ಜಾರಿಯಲ್ಲಿವೆ. ಹಳಬರ ಬಾಯಲ್ಲಿ 153ಎ, 295ಎ ಅಂತ ಇನ್ನೂ ಇದೆ, ಅದು ಈಗಿನ 196 ಮತ್ತು 299.

ಕಲಂಗಳನ್ನು ನೀವು ಬಾಯಿಪಾಠ ಮಾಡಬೇಕಿಲ್ಲ, ದೂರಿನಲ್ಲಿ ಬರೆಯಲೂ ಬೇಕಿಲ್ಲ. ನಡೆದದ್ದನ್ನು ಬಿಡಿಸಿ ಬರೆದರೆ ಕಲಂ ತಾನಾಗಿ ಬರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಕೋಪದಲ್ಲಿ ಇಲ್ಲದವರ ಹೆಸರು ಸೇರಿಸಬೇಡಿ, ಗೊತ್ತಿಲ್ಲದ ಸಂಘಟನೆಯ ಹೆಸರು ಹಾಕಬೇಡಿ. ಇಬ್ಬರಿದ್ದರೆ ಇಬ್ಬರು ಅಂತಲೇ ಬರೆಯಿರಿ. ಒಂದು ಸುಳ್ಳು ಸೇರಿದರೆ ಕೋರ್ಟಿನಲ್ಲಿ ಉಳಿದ ಹತ್ತು ನಿಜದ ಮೇಲೂ ಅನುಮಾನ ಬೀಳುತ್ತದೆ.

ಠಾಣೆಯಲ್ಲಿ

ಒಬ್ಬರೇ ಹೋಗಬೇಡಿ. ಜೊತೆಗೆ ಒಬ್ಬ ನೆರೆಯವರು ಇರಲಿ. ಆಗುವುದಾದರೆ ಬೇರೆ ಧರ್ಮದವರು, ಘಟನೆ ನೋಡಿದವರು ಇದ್ದರೆ ಇನ್ನೂ ಒಳ್ಳೆಯದು. ಹಾಗಂತ ಐವತ್ತು ಜನ ಹೋಗಬಾರದು. 2025ರ ಫೆಬ್ರವರಿ 10ರ ರಾತ್ರಿ ಮೈಸೂರಿನ ಉದಯಗಿರಿ ಠಾಣೆ ಮುಂದೆ ಏನಾಯಿತು ಅಂತ ಊರಿಗೆಲ್ಲ ಗೊತ್ತು. ಅವಹೇಳನದ ಪೋಸ್ಟ್ ಒಂದರ ವಿರುದ್ಧ ಜನ ಸೇರಿದರು, ಕಲ್ಲು ಬಿತ್ತು, ಪೊಲೀಸರಿಗೆ ಗಾಯವಾಯಿತು. ಆಮೇಲೆ ಪೋಸ್ಟಿನ ಮಾತು ಹಿಂದೆ ಹೋಯಿತು, ಕಲ್ಲಿನ ಮಾತೇ ಉಳಿಯಿತು. ನೋವಿಗೆ ಕಾರಣ ನಿಜವೇ ಆಗಿರಬಹುದು. ಆದರೂ ಎಸೆದ ಕಲ್ಲು ತಪ್ಪೇ, ಮತ್ತು ಅದರ ಬೆಲೆ ಕಟ್ಟಿದ್ದು ಆ ಮೊಹಲ್ಲಾದ ಮನೆಗಳು. ಇಬ್ಬರು ಹೋಗಿ, ಎರಡು ಪ್ರತಿ ದೂರು ಹಿಡಿದು ಹೋಗಿ.

ಒಂದು ಪ್ರತಿ ಠಾಣೆಗೆ. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿ ವಾಪಸ್ ತನ್ನಿ. ಬಾಯಲ್ಲಿ ಹೇಳಿದರೆ ಅವರೇ ಬರೆದುಕೊಂಡು ಓದಿ ಹೇಳಬೇಕು. ಮನೆಯಲ್ಲಿ ಉರ್ದು ಮಾತ್ರ ಆಡುವ ಅಜ್ಜಿಯಾದರೆ, ಗೊತ್ತಿರುವವರು ಅವರ ಮಾತಿನಲ್ಲೇ ವಿವರಿಸಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಲಿ. ಘಟನೆ ನಡೆದ ಜಾಗ ‘ನಮ್ಮ ಲಿಮಿಟ್ ಅಲ್ಲ’ ಅಂದರೆ ಝೀರೋ ಎಫ್‌ಐಆರ್ ಕೇಳಿ. ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ನಿಮಗೆ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಪೊಲೀಸರಿಗೆ ಇದೆ. ಹಾಗೆ ಹೇಳಿದರೆ ಆ 14 ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮರುದಿನ ಹೋಗಿ ಕೇಳಿ.

‘ಕಾಂಪ್ರಮೈಸ್ ಮಾಡ್ಕೊಳಿ’ ಅನ್ನುವ ಮಾತು ಬರಬಹುದು. ರಾಜಿ ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ಬೀದಿಯಲ್ಲಿ ನಾಳೆ ಬದುಕಬೇಕಾದವರು ನೀವು. ಹೊಡೆದವನು ಕ್ಷಮೆ ಕೇಳಿ ಮುಚ್ಚಳಿಕೆ ಬರೆದುಕೊಟ್ಟರೆ ಕೆಲವರಿಗೆ ಅದೇ ಸಮಾಧಾನ. ಆದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಓದದೆ ಯಾವುದಕ್ಕೂ ಹಾಕಬೇಡಿ. ಒಂದು ದಿನ ಟೈಮ್ ಕೇಳಿ, ಮನೆಗೆ ಹೋಗಿ ಯೋಚಿಸಿ.

ಸಾಕ್ಷಿ ಹೇಳಲು ಹೆಂಗಸರನ್ನು, 60 ದಾಟಿದವರನ್ನು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಅದೇ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಪೊಲೀಸರೇ ಅವರ ಮನೆಗೆ ಬಂದು ಕೇಳಬೇಕು. ಇದು ಗೊತ್ತಿದ್ದರೆ ಸಾಕ್ಷಿಗೆ ಒಪ್ಪುವ ಅಮ್ಮಂದಿರು ಜಾಸ್ತಿ ಆಗುತ್ತಾರೆ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ

ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ದ್ವೇಷ ಭಾಷಣದ ವಿಷಯದಲ್ಲಿ, ಯಾರೂ ದೂರು ಕೊಡದಿದ್ದರೂ ಪೊಲೀಸರೇ ಸ್ವಯಂಪ್ರೇರಿತವಾಗಿ ಕೇಸು ಹಾಕಬೇಕು ಅಂತ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಗುಂಪು ಹಲ್ಲೆ ತಡೆಯಲು ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ, ಅದೂ ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದವರು ಇರಬೇಕು ಅಂದದ್ದು 2018ರ ಜುಲೈ 17ರ ತೀರ್ಪು.

ಇಷ್ಟಾದರೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಮೇಲಕ್ಕೆ ಕಳಿಸಿ. ಮೈಸೂರು ನಗರದವರಾದರೆ ನಜರ್‌ಬಾದಿನ ಪೊಲೀಸ್ ಕಮಿಷನರ್ ಕಚೇರಿಗೆ. ನಂಜನಗೂಡು, ಹುಣಸೂರಿನಂಥ ತಾಲೂಕಾದರೆ ಮೈಸೂರು ಜಿಲ್ಲಾ ಎಸ್‌ಪಿಗೆ. ಮದ್ದೂರು, ನಾಗಮಂಗಲ, ಶ್ರೀರಂಗಪಟ್ಟಣದವರು ಮಂಡ್ಯ ಎಸ್‌ಪಿಗೆ. ಪೋಸ್ಟಿನ ರಸೀದಿ ಜೋಪಾನ. ಅಲ್ಲಿಯೂ ಆಗದಿದ್ದರೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಜೊತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಈ ಮೆಟ್ಟಿಲುಗಳನ್ನು ಹತ್ತಿದ್ದೀರಿ ಅಂತ ಅಲ್ಲಿ ತೋರಿಸಬೇಕು, ಅದಕ್ಕೇ ರಸೀದಿ ಬೇಕು.

ವಕೀಲರ ಫೀಸಿನ ಭಯ ಇದ್ದರೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮೈಸೂರು, ಮಂಡ್ಯ ಎರಡೂ ಕಡೆ ಇದೆ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಬೆಂಗಳೂರಿನ ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೂ ಬರೆಯಬಹುದು. ಪೊಲೀಸರೇ ಅಥವಾ ಸರ್ಕಾರಿ ನೌಕರರೇ ತಪ್ಪು ಮಾಡಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ಒಂದು ವರ್ಷದೊಳಗೆ. ಆನ್‌ಲೈನ್ ದ್ವೇಷವಾದರೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್.

ಇನ್ನೊಂದು ನಿಜವನ್ನೂ ಹೇಳಬೇಕು. 196 ಮತ್ತು 299ರ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಫ್‌ಐಆರ್ ಹಾಕಲು ಮಾತ್ರ ಆ ಅನುಮತಿ ಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಕೇಳಿ, ಬರವಣಿಗೆಯಲ್ಲೇ ಕೇಳಿ.

ಬಾಡಿಗೆ ಮನೆ

ನನ್ನ ಗೆಳೆಯನ ಜೊತೆ ಒಂದು ಬಡಾವಣೆಯಲ್ಲಿ ಮನೆ ಹುಡುಕಿದ ನೆನಪು ಇದೆ. ಮನೆ ಒಪ್ಪಿಗೆಯಾಯಿತು, ಬಾಡಿಗೆ ಒಪ್ಪಿಗೆಯಾಯಿತು, ಅಡ್ವಾನ್ಸ್ ಎಣಿಸುವ ಹೊತ್ತಿಗೆ ಓನರ್ ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ ‘ಮಗಳು ಬರ್ತಾಳೆ ಅಂತಿದ್ದಾಳೆ, ನೋಡಿ ಹೇಳ್ತೀನಿ’ ಅಂದರು. ಮೂರು ಮನೆಯಲ್ಲಿ ಮೂರು ಮಗಳು ಬಂದರು. ಗೆಳೆಯ ಏನೂ ಮಾತಾಡದೆ ಬೈಕ್ ಸ್ಟಾರ್ಟ್ ಮಾಡಿದ. ಆ ಮೌನ ನನಗೆ ಬೈಗುಳಕ್ಕಿಂತ ಭಾರ ಅನ್ನಿಸಿತು.

ಇಲ್ಲಿ ಕಾನೂನಿನ ಕೈ ಗಿಡ್ಡ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಧರ್ಮದ ಕಾರಣಕ್ಕೆ ತಡೆಯಬಾರದು ಅನ್ನುತ್ತದೆ. ಖಾಸಗಿ ಮನೆ ಮಾಲೀಕ ಬಾಡಿಗೆಗೆ ಕೊಡದಿದ್ದರೆ ನೇರವಾಗಿ ಹಿಡಿಯುವ ಕಾಯಿದೆ ನಮ್ಮಲ್ಲಿ ಇಲ್ಲ. ಹಾಗಾಗಿ ಕೆಲಸ ಆಗುವುದು ಮಾತಿನಲ್ಲೇ. ನಿಮಗೆ ಗೊತ್ತಿರುವ ಕುಟುಂಬ ಮನೆ ಹುಡುಕುತ್ತಿದ್ದರೆ ಬ್ರೋಕರ್‌ಗೆ ಬಿಡಬೇಡಿ, ನೀವೇ ಓನರ್ ಹತ್ತಿರ ಹೋಗಿ. ‘ಹತ್ತು ವರ್ಷದಿಂದ ನೋಡಿದ್ದೀನಿ, ನನ್ನ ನಂಬರ್ ಇಟ್ಕೊಳಿ’ ಅನ್ನಿ. ಮೊದಲೇ ಹೆಸರು ಹೇಳಿ, ಅಡ್ವಾನ್ಸ್ ತನಕ ಹೋಗಿ ಮರ್ಯಾದೆ ಕಳೆದುಕೊಳ್ಳುವುದು ತಪ್ಪುತ್ತದೆ. ಹಳೆಯ ಮನೆ ಓನರ್ ಹತ್ತಿರ ಒಂದು ಒಳ್ಳೆಯ ಮಾತಿನ ಕಾಗದ ಬರೆಸಿಕೊಂಡರೆ ಕೆಲಸಕ್ಕೆ ಬರುತ್ತದೆ. ನಿಮ್ಮದೇ ಬಾಡಿಗೆ ಮನೆ ಇದ್ದರೆ ಏನು ಮಾಡಬೇಕು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಸಂತೆ, ಜಾತ್ರೆ, ಗಾಡಿ

2022ರ ಮಾರ್ಚಿನಲ್ಲಿ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬೇಡಿ ಅನ್ನುವ ಕೂಗು ಎದ್ದಿತು. ಆಗ ಎಲ್ಲರೂ ತೋರಿಸಿದ್ದು ಮುಜರಾಯಿ ನಿಯಮಗಳು, 2002ರ 31(12). ಅದರಲ್ಲಿ ಇರುವುದು ದೇವಸ್ಥಾನದ ಹತ್ತಿರದ ಅದರ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ. ದಾರಿಯಲ್ಲಿ ನಿಂತು ಗಾಡಿಯವರ ಆಧಾರ್ ಕಾರ್ಡ್ ಕೇಳುವ ಅಧಿಕಾರವನ್ನು ಅದು ಯಾವ ಖಾಸಗಿ ಗುಂಪಿಗೂ ಕೊಡುವುದಿಲ್ಲ.

ವ್ಯಾಪಾರಿಗಳು ಮಾಡಬೇಕಾದ್ದು: 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಪಾಲಿಕೆ ಅಥವಾ ಪುರಸಭೆ ಕೊಡುವ ಪ್ರಮಾಣಪತ್ರ, ಗುರುತಿನ ಚೀಟಿ ಮಾಡಿಸಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಸುಂಕ ಕಟ್ಟಿದ ಚೀಟಿ ಬಿಸಾಡಬೇಡಿ. ಎಬ್ಬಿಸಲು ಬಂದವರು ಅಧಿಕಾರಿಗಳೇ ಆದರೆ ‘ಸಾರ್, ಲಿಖಿತ ಆದೇಶ ಕೊಡಿ’ ಅನ್ನಿ. ಅಧಿಕಾರಿಗಳಲ್ಲದಿದ್ದರೆ 112. ಮೈಸೂರಿನ ಬೀಟೆ ಮರದ ಕುಸುರಿ ಕೆಲಸ ಮಂಡಿ ಮೊಹಲ್ಲಾದ ಮುಸ್ಲಿಂ ಕುಶಲಕರ್ಮಿಗಳ ಕೈಯಲ್ಲಿ ಬೆಳೆದದ್ದು. ಪ್ರವಾಸಿಗರು ಬೃಂದಾವನ ನೋಡಲು ಬರುತ್ತಾರೆ, ಅದನ್ನು ಮಾಡಿಸಿದವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ‘ಅವರು ನಮ್ಮವರಲ್ಲ’ ಅನ್ನುವ ಮಾತು ಬಂದಾಗ ಇಂಥ ಎರಡು ಸಂಗತಿ ಬಾಯಲ್ಲಿ ಇರಲಿ.

ಶಾಲೆಯಲ್ಲಿ ಮಗುವಿಗೆ

ಮಗು ‘ಸ್ಕೂಲಿಗೆ ಹೋಗಲ್ಲ’ ಅಂತ ಹಟ ಮಾಡಿದರೆ, ಬೆಳಿಗ್ಗೆ ಹೊಟ್ಟೆನೋವು ಅಂದರೆ, ಗದರುವ ಮುಂಚೆ ಕೇಳಿ. ತರಗತಿಯಲ್ಲಿ ‘ಟೆರರಿಸ್ಟ್’ ಅಂತ ಕರೆಯುವುದು ತಮಾಷೆ ಅಲ್ಲ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂನಲ್ಲೇ ಇದೆ. ಮೊದಲು ಕ್ಲಾಸ್ ಟೀಚರ್, ಆಮೇಲೆ ಹೆಡ್‌ಮಾಸ್ಟರ್‌ಗೆ ಬರವಣಿಗೆಯಲ್ಲಿ, ಆಮೇಲೆ ಬಿಇಒ, ಡಿಡಿಪಿಐ. ಅಂದದ್ದು ಇನ್ನೊಂದು ಮಗುವಾದರೆ ಪೊಲೀಸ್ ಬೇಡ. ಎರಡೂ ಮನೆಯವರು ಕೂತು ಮಾತಾಡಿ. ಆ ಮಗು ಆ ಪದವನ್ನು ಎಲ್ಲೋ ದೊಡ್ಡವರ ಬಾಯಲ್ಲಿ ಕೇಳಿರುತ್ತದೆ.

ವಾಟ್ಸ್‌ಆ್ಯಪ್ ಮತ್ತು ಮೆರವಣಿಗೆಯ ದಿನ

ಬಡಾವಣೆಯ ಗುಂಪಿನಲ್ಲಿ ಕೆಟ್ಟ ಫಾರ್ವರ್ಡ್ ಬಂದಾಗ ಎಲ್ಲರ ಮುಂದೆ ಪಾಠ ಹೇಳಿದರೆ ಹಾಕಿದವರು ಇನ್ನೂ ಬಿಗಿಯಾಗುತ್ತಾರೆ. ಮೊದಲು ಅವರಿಗೇ ಖಾಸಗಿಯಾಗಿ ಕೇಳಿ: ‘ಅಂಕಲ್, ಇದು ಎಲ್ಲಿಂದ ಬಂತು? ಯಾವ ಊರಿದು?’ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಬೇರೆ ದೇಶದ್ದು, ಹತ್ತು ವರ್ಷ ಹಳೆಯದು ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಆ ಪುರಾವೆಯನ್ನು ಅವರಿಗೆ ಕಳಿಸಿ, ಅವರೇ ತೆಗೆದುಹಾಕಲಿ. ತೆಗೆಯದಿದ್ದರೆ ಅಡ್ಮಿನ್‌ಗೆ ಹೇಳಿ. ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ‘ನೋಡಿ ಎಂಥ ಕೆಟ್ಟದ್ದು ಹಾಕಿದ್ದಾರೆ’ ಅಂತ ನೀವು ಇನ್ನೊಂದು ಗುಂಪಿಗೆ ಕಳಿಸಿದರೂ ಹರಡಿದ್ದು ನೀವೇ.

ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್ 11ರಂದು, ಮದ್ದೂರಿನಲ್ಲಿ 2025ರ ಸೆಪ್ಟೆಂಬರ್ 7ರಂದು, ಎರಡೂ ಕಡೆ ಗಲಾಟೆ ಶುರುವಾದದ್ದು ಗಣಪತಿ ಮೆರವಣಿಗೆಯಲ್ಲೇ. ನಾಗಮಂಗಲದಲ್ಲಿ ಅಂಗಡಿಗಳು ಸುಟ್ಟುಹೋದವು. ಗಣಪತಿ, ಈದ್ ಮಿಲಾದ್ ಹತ್ತಿರ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿಗೆ ಬರುವವರು ಸಾಮಾನ್ಯವಾಗಿ ಮುಖಂಡರು ಮಾತ್ರ. ಮೆರವಣಿಗೆ ದಾರಿಯಲ್ಲಿ ಅಂಗಡಿ ಇಟ್ಟಿರುವ ಎರಡೂ ಕಡೆಯವರು, ಡೊಳ್ಳು ಬಾರಿಸುವ ಹುಡುಗರು, ಮಸೀದಿ ಕಮಿಟಿಯ ಯುವಕರು ಬಂದು ಒಬ್ಬರ ನಂಬರ್ ಇನ್ನೊಬ್ಬರು ತೆಗೆದುಕೊಳ್ಳಲಿ. ಕಲ್ಲು ಬಿತ್ತು ಅನ್ನುವ ಸುದ್ದಿ ಬಂದ ಮೊದಲ ಐದು ನಿಮಿಷದಲ್ಲಿ ‘ನಿಜವಾ?’ ಅಂತ ಕೇಳಲು ಆಚೆ ಕಡೆ ಒಬ್ಬ ಪರಿಚಯದವನು ಇರಬೇಕು.

2025ರ ದಸರಾವನ್ನು ಲೇಖಕಿ ಬಾನು ಮುಷ್ತಾಕ್ ಉದ್ಘಾಟಿಸಬಾರದು ಅಂತ ಕೆಲವರು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. 2017ರಲ್ಲಿ ಅದೇ ಕೆಲಸ ಮಾಡಿದ್ದವರು ಕವಿ ನಿಸಾರ್ ಅಹಮದ್. ಗುಂಪಿನಲ್ಲಿ ಇಂಥ ವಿಷಯ ಬಂದಾಗ ಸುಮ್ನೆ ಇರಬೇಡಿ, ಒಂದು ಒಳ್ಳೆಯ ಸಾಲು ಬರೆಯಿರಿ. ಓದುವ ಮುಸ್ಲಿಂ ನೆರೆಯವರು ಅದೇ ಗುಂಪಿನಲ್ಲಿ ಇರುತ್ತಾರೆ, ಮಾತಾಡದೆ ಇರುತ್ತಾರೆ.

ದೂರು ಕೊಟ್ಟ ಮರುದಿನ

ಆ ತರಕಾರಿ ಹುಡುಗ ನನ್ನ ಹತ್ತಿರ ಬಂದಾಗ ಒಂದೇ ಪ್ರಶ್ನೆ ಕೇಳಿದ್ದ: ‘ಅಣ್ಣ, ಕಂಪ್ಲೇಂಟ್ ಕೊಟ್ರೆ ನಾಳೆಯಿಂದ ಗಾಡಿ ಎಲ್ಲಿ ನಿಲ್ಲಿಸ್ಲಿ?’ ಒಂಬತ್ತು ದಿನ ಅವನನ್ನು ತಡೆದದ್ದು ಆ ಪ್ರಶ್ನೆಯೇ. ಕಲಂ ಯಾವುದು ಅಂತ ಅವನಿಗೆ ಬೇಕಿರಲಿಲ್ಲ.

ತಡವಾದರೂ ದೂರು ಬರೆದೆವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಾಕ್ಷಿಯಾಗಿ ಸಹಿ ಹಾಕಿ ಠಾಣೆಗೂ ಬಂದರು. ಅವರ ಮನೆಯವರು ಬೀದಿಯ ಐದು ಮನೆಗೆ ಹೋಗಿ ಮಾತಾಡಿದರು. ಮರುದಿನದಿಂದ ಸಂಜೆ ಐದೂವರೆಗೆ ಗಾಡಿ ಬರುವ ಹೊತ್ತಿಗೆ ಯಾರಾದರೂ ಇಬ್ಬರು ಕ್ರಾಸ್‌ನಲ್ಲಿ ಚೀಲ ಹಿಡಿದು ನಿಂತಿರಬೇಕು ಅಂತ ಆಯಿತು. ಮೊದಲ ವಾರ ಸರದಿ ಹಾಕಿಕೊಂಡಿದ್ದೆವು. ಆಮೇಲೆ ಸರದಿ ಬೇಕಾಗಲಿಲ್ಲ, ಜನ ತಾವಾಗಿಯೇ ಅಲ್ಲೇ ಬಂದು ಕೊಳ್ಳತೊಡಗಿದರು. ದೂರಿನ ಪ್ರತಿ, ಸ್ವೀಕೃತಿ, ಪೋಸ್ಟ್ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವನ ತಕ್ಕಡಿಯ ಕೆಳಗಿನ ಡಬ್ಬದಲ್ಲಿ ಇಟ್ಟಿದ್ದೇವೆ. ಇನ್ನೊಂದು ಜೊತೆ ಮೇಷ್ಟ್ರ ಬೀರುವಿನಲ್ಲಿದೆ.